ಲಾಕ್‌ಡೌನ್ ಕಾಲದ ಕೇಸು ನಿಮ್ಮ ಹೆಸರಲ್ಲಿ ಇನ್ನೂ ಇದೆಯಾ? ಹುಡುಕಿ ಮುಗಿಸುವುದು ಹೇಗೆ

"2020ರಲ್ಲಿ ಗಾಡಿ ಹಿಡಿದಿದ್ದರು. 500 ರೂಪಾಯಿ ಕಟ್ಟಿ ಬಿಡಿಸಿಕೊಂಡೆ. ಈಗ ಪಾಸ್‌ಪೋರ್ಟ್‌ಗೆ ಹಾಕಿದರೆ ನಿಮ್ಮ ಮೇಲೆ ಕೇಸಿದೆ ಅಂತಿದ್ದಾರೆ. ಏನು ಮಾಡಲಿ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಡೆಲಿವರಿ ಹುಡುಗರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಅಮ್ಮನಿಗೆ ಮಾತ್ರೆ ತರಲು ಹೋಗಿದ್ದವರು. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ಗಾಡಿ ಬಿಡಿಸಿಕೊಂಡದ್ದು ಬೇರೆ, ಕೇಸು ಮುಗಿದದ್ದು ಬೇರೆ. ಬಹಳ ಜನ ಎಡವಿದ್ದು ಇಲ್ಲೇ. ಸ್ಟೇಷನ್‌ನಲ್ಲಿ ದುಡ್ಡು ಕಟ್ಟಿದೆ, ರಸೀದಿ ಸಿಕ್ಕಿತು, ಕಥೆ ಮುಗಿಯಿತು ಅಂದುಕೊಂಡರು. ಎಫ್‌ಐಆರ್ ಆಗಿದ್ದರೆ ಅದು ತನ್ನ ಪಾಡಿಗೆ ಕೋರ್ಟಿನ ದಾರಿ ಹಿಡಿದಿರುತ್ತದೆ.

1. ಯಾವಾಗ, ಏನಾಗಿತ್ತು ಅಂತ ನೆನಪು ಮಾಡಿಕೊಳ್ಳಿ

ತಾರೀಕು ಗೊತ್ತಿಲ್ಲದೆ ಯಾವ ದಾಖಲೆಯನ್ನೂ ಹುಡುಕಲು ಆಗುವುದಿಲ್ಲ. ಬೆಂಗಳೂರಿನಲ್ಲಿ ಓಡಾಟಕ್ಕೆ ನಿರ್ಬಂಧ ಇದ್ದ ಮುಖ್ಯ ಅವಧಿಗಳು ಇವು: 2020ರ ಮಾರ್ಚ್ 25ರಿಂದ ಶುರುವಾದ ದೇಶದ ಲಾಕ್‌ಡೌನ್, ಅದೇ ವರ್ಷ ಜುಲೈ 14ರಿಂದ 22ರವರೆಗೆ ನಗರದಲ್ಲಿ ಒಂದು ವಾರ, 2021ರ ಏಪ್ರಿಲ್ 27ರ ರಾತ್ರಿಯಿಂದ ಕರ್ಫ್ಯೂ, ಮೇ 10ರಿಂದ ಬಿಗಿ ಲಾಕ್‌ಡೌನ್, ಅದು ಸಡಿಲವಾಗಿದ್ದು ಜೂನ್ 14ಕ್ಕೆ, ಕೊನೆಗೆ 2022ರ ಜನವರಿಯ ವಾರಾಂತ್ಯ ಕರ್ಫ್ಯೂ. ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ದಿನಸಿ, ತರಕಾರಿ ಸಿಗುತ್ತಿದ್ದ ದಿನಗಳು ನೆನಪಿದ್ದರೆ ಅದು 2021ರ ಮೇ ಸುಮಾರು.

ಆಮೇಲೆ ಏನಾಗಿತ್ತು ಅನ್ನುವುದು. ಮಾಸ್ಕ್ ಇಲ್ಲ ಅಂತ ಮಾರ್ಷಲ್‌ಗಳು ಸ್ಥಳದಲ್ಲೇ ದಂಡ ಹಾಕಿದ್ದರೆ ಅದು ಅಲ್ಲಿಗೇ ಮುಗಿದ ಲೆಕ್ಕ. 2020ರ ಅಕ್ಟೋಬರ್‌ನಲ್ಲಿ ನಗರದಲ್ಲಿ ಈ ದಂಡ 1,000 ರೂಪಾಯಿಗೆ ಏರಿ, ಕೆಲವೇ ದಿನಗಳಲ್ಲಿ 250ಕ್ಕೆ ಇಳಿದಿತ್ತು. ಅದರ ಬಗ್ಗೆ ಚಿಂತೆ ಬೇಡ. ಗಾಡಿ ಹಿಡಿದು ಸ್ಟೇಷನ್‌ಗೆ ಒಯ್ದಿದ್ದರೆ, ಅಥವಾ ನಿಮ್ಮಿಂದ ಸಹಿ ಹಾಕಿಸಿಕೊಂಡಿದ್ದರೆ ಮುಂದೆ ಓದಿ.

ಮೊದಲ ಲಾಕ್‌ಡೌನ್‌ನಲ್ಲಿ ಹಿಡಿದ ಗಾಡಿಗಳು ನಗರದಲ್ಲಿ ಸಾವಿರಗಟ್ಟಲೆ ನಿಂತಿದ್ದವು. ಹೈಕೋರ್ಟ್ ಅನುಮತಿ ಕೊಟ್ಟ ಮೇಲೆ, 2020ರ ಮೇ ಮೊದಲ ದಿನಗಳಿಂದ, ಬೈಕ್ ಸ್ಕೂಟರ್‌ಗೆ 500, ಕಾರಿಗೆ 1,000 ರೂಪಾಯಿ ಕಟ್ಟಿಸಿಕೊಂಡು ಬಿಟ್ಟುಕೊಟ್ಟರು. ನೀವು ಕಟ್ಟಿದ್ದು ಆ ದುಡ್ಡು. ಗಾಡಿ ಕೈಗೆ ಬಂತು ಅಂದ ಮಾತ್ರಕ್ಕೆ ಎಫ್‌ಐಆರ್ ರದ್ದಾಗುವುದಿಲ್ಲ.

2. ಮನೆಯಲ್ಲಿರುವ ಕಾಗದ, ಫೋನಿನಲ್ಲಿರುವ ಪುರಾವೆ ಒಟ್ಟು ಮಾಡಿ

ರಸೀದಿ, ಬಾಂಡ್‌ನ ನಕಲು, ಸ್ಟೇಷನ್‌ನಿಂದ ಬಂದ ನೋಟಿಸ್ ಎಲ್ಲವನ್ನೂ ಹುಡುಕಿ. ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರ ಮಗ ಪರ್ಸಿನಲ್ಲಿ ಐದು ವರ್ಷ ಜೋಪಾನ ಮಾಡಿದ್ದ ರಸೀದಿ ತಂದು ತೋರಿಸಿದ. ನಾಲ್ಕು ಮಡಿಕೆ ಬಿಡಿಸಿದರೆ ಅಕ್ಷರವೆಲ್ಲ ಅಳಿಸಿಹೋಗಿತ್ತು. ಉಳಿದಿದ್ದು ನೇರಳೆ ಬಣ್ಣದ ಅರ್ಧ ಸೀಲು, ಪೆನ್ನಿನಲ್ಲಿ ಬರೆದ ಗಾಡಿ ನಂಬರ್ ಅಷ್ಟೇ. ಅದರಿಂದಲೇ ಸ್ಟೇಷನ್ ಯಾವುದು ಅಂತ ಗೊತ್ತಾಯಿತು. ಹಾಗಾಗಿ ಏನೂ ಕಾಣದ ಕಾಗದವನ್ನೂ ಎಸೆಯಬೇಡಿ. ಸಿಕ್ಕ ತಕ್ಷಣ ಒಳ್ಳೆ ಬೆಳಕಿನಲ್ಲಿ ಫೋಟೊ ತೆಗೆಯಿರಿ.

ಆ ದಿನ ಹೊರಗೆ ಹೋಗಲು ಕಾರಣ ಏನಿತ್ತು ಅನ್ನುವುದಕ್ಕೂ ಪುರಾವೆ ಬೇಕು. ಈಗ ಸಿಗುವುದಿಲ್ಲ ಅಂತ ಅಂದುಕೊಳ್ಳಬೇಡಿ. ಪೊಲೀಸ್ ಪಾಸ್ ತೆಗೆದುಕೊಂಡಿದ್ದರೆ ಅದರ ಮೆಸೇಜ್ ಅಥವಾ ಇಮೇಲ್ ಇರಬಹುದು. ಕಂಪನಿ ಪತ್ರ, ಆಸ್ಪತ್ರೆ ಬಿಲ್, ಡಾಕ್ಟರ್ ಚೀಟಿ, ಮೆಡಿಕಲ್ ಸ್ಟೋರ್‌ಗೆ ಫೋನ್‌ಪೇ ಮಾಡಿದ ದಾಖಲೆ, ಎಲ್ಲವೂ ಕೆಲಸಕ್ಕೆ ಬರುತ್ತವೆ. 2021ರಲ್ಲಿ ವಿಮಾನ, ರೈಲಿನ ಟಿಕೆಟ್ ತೋರಿಸಿದರೆ ಅದೇ ಪಾಸ್ ಆಗಿತ್ತು. ಲಸಿಕೆ ಹಾಕಿಸಿಕೊಂಡು ಬರುವಾಗ ಹಿಡಿದಿದ್ದರಾ? ಹಾಗಿದ್ದರೆ ಕೋವಿನ್ ಸರ್ಟಿಫಿಕೇಟ್ ತೆಗೆದು ನೋಡಿ. ಅದರಲ್ಲಿ ತಾರೀಕೂ ಇದೆ, ಲಸಿಕೆ ಕೇಂದ್ರವೂ ಇದೆ. ಇಷ್ಟು ಗಟ್ಟಿ ಪುರಾವೆ ಬೇರೆ ಸಿಗುವುದು ಕಷ್ಟ.

3. ಆನ್‌ಲೈನ್‌ನಲ್ಲಿ ಹುಡುಕಿ

ಇ-ಕೋರ್ಟ್ಸ್ ವೆಬ್‌ಸೈಟ್ ಅಥವಾ ಆ್ಯಪ್ ತೆರೆಯಿರಿ. ಕರ್ನಾಟಕ, ಬೆಂಗಳೂರು ಆಯ್ಕೆ ಮಾಡಿ. ನಂತರ ಕೋರ್ಟ್ ಸಂಕೀರ್ಣ ಆರಿಸಬೇಕು. ನೃಪತುಂಗ ರಸ್ತೆ, ಮೇಯೋ ಹಾಲ್ ಎರಡನ್ನೂ ನೋಡಿ. ಎರಡು ರೀತಿ ಹುಡುಕಬಹುದು: ಹೆಸರಿನಿಂದ, ಅಥವಾ ಎಫ್‌ಐಆರ್ ನಂಬರಿನಿಂದ.

ಹೆಸರಿನಿಂದ ಹುಡುಕುವಾಗ ಸ್ಪೆಲಿಂಗ್ ಬದಲಿಸಿ ಬದಲಿಸಿ ನೋಡಿ. ಸ್ಟೇಷನ್‌ನಲ್ಲಿ ಟೈಪ್ ಮಾಡಿದವರು ಮಂಜುನಾಥ್ ಅನ್ನು ಮಂಜುನಾಥ ಅಂತಲೋ, ಬರೀ ಮಂಜು ಅಂತಲೋ ಹಾಕಿರಬಹುದು. ವರ್ಷದ ಕಾಲಂನಲ್ಲಿ 2020 ಒಂದನ್ನೇ ಹಾಕಿ ಸುಮ್ಮನಾಗಬೇಡಿ. ಎಫ್‌ಐಆರ್ 2020ರದ್ದಾದರೂ ಕೋರ್ಟಿನಲ್ಲಿ ಕೇಸ್ ನಂಬರ್ ಬಿದ್ದಿದ್ದು 2021ರಲ್ಲೋ 2022ರಲ್ಲೋ ಇರಬಹುದು. ಅದೇ ಹೆಸರಿನ ಬೇರೆಯವರ ಕೇಸು ಕಂಡು ಗಾಬರಿಯೂ ಆಗಬೇಡಿ. ತಂದೆ ಹೆಸರು, ಸ್ಟೇಷನ್ ಹೆಸರು ತಾಳೆ ಹಾಕಿ.

ಸಿಕ್ಕರೆ ಎರಡು ನಂಬರ್ ಬರೆದಿಟ್ಟುಕೊಳ್ಳಿ. ಒಂದು ಸಿ.ಸಿ. ನಂಬರ್, ಅಂದರೆ ಆ ಕೋರ್ಟ್ ಕೊಟ್ಟ ಕ್ರಿಮಿನಲ್ ಕೇಸ್ ಸಂಖ್ಯೆ. ಇನ್ನೊಂದು 16 ಅಕ್ಷರ ಅಂಕಿಗಳ ಸಿಎನ್‌ಆರ್. ಇದು ದೇಶದಲ್ಲೇ ಆ ಕೇಸಿಗೆ ಒಂದೇ ಗುರುತು. ಕೇಸು ಯಾವ ಹಂತದಲ್ಲಿದೆ ಅಂತಲೂ ಅಲ್ಲೇ ಇರುತ್ತದೆ. ಸಮನ್ಸ್ ಅಂತಿದ್ದರೆ ನಿಮ್ಮನ್ನು ಕರೆಯುವ ನೋಟಿಸ್ ಇನ್ನೂ ತಲುಪಿಲ್ಲ ಅಂತ ಅರ್ಥ. ಮನೆ ಬದಲಾಯಿಸಿದವರದ್ದು ಜಾಸ್ತಿ ಇದೇ ಕಥೆ. ಎನ್‌ಬಿಡಬ್ಲ್ಯು ಅಂತಿದ್ದರೆ ಜಾಮೀನುರಹಿತ ವಾರಂಟ್. ಅದಕ್ಕೂ ದಾರಿ ಇದೆ, ಮುಂದೆ ಹೇಳುತ್ತೇನೆ.

ಕೋರ್ಟಿನಲ್ಲಿ ಏನೂ ಸಿಗದಿದ್ದರೆ ಕರ್ನಾಟಕ ರಾಜ್ಯ ಪೊಲೀಸ್ ವೆಬ್‌ಸೈಟ್‌ನಲ್ಲಿ ಎಫ್‌ಐಆರ್ ಹುಡುಕುವ ಪುಟ ನೋಡಿ.

ಇಲ್ಲೊಂದು ಎಚ್ಚರಿಕೆ. "ನಿಮ್ಮ ಮೇಲೆ ಲಾಕ್‌ಡೌನ್ ಕೇಸ್ ಇದೆ, ಈಗಲೇ ದುಡ್ಡು ಕಳಿಸಿ, ಇಲ್ಲದಿದ್ದರೆ ಡಿಜಿಟಲ್ ಅರೆಸ್ಟ್" ಅಂತ ಫೋನ್ ಬಂದರೆ ಕಟ್ ಮಾಡಿ. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ. ಯಾವ ಕೋರ್ಟೂ ಫೋನ್ ಮಾಡಿ ಯುಪಿಐಗೆ ದುಡ್ಡು ಹಾಕಿ ಅನ್ನುವುದಿಲ್ಲ. ಕಳಿಸಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

4. ಸ್ಟೇಷನ್‌ಗೆ ಹೋಗಿ

ನಿಮ್ಮನ್ನು ಎಲ್ಲಿ ಹಿಡಿದರೋ ಆ ಜಾಗದ ಸ್ಟೇಷನ್‌ಗೆ ಹೋಗಬೇಕು, ಮನೆ ಹತ್ತಿರದ್ದಕ್ಕಲ್ಲ. ಬೆಳಗ್ಗೆ ಹತ್ತೂವರೆ ಮೇಲೆ ಹೋಗಿ. ಇನ್‌ಸ್ಪೆಕ್ಟರನ್ನೇ ನೋಡಬೇಕು ಅಂತ ಕಾಯಬೇಕಿಲ್ಲ. ದಾಖಲೆ ನೋಡಿಕೊಳ್ಳುವ ರೈಟರ್ ಅಥವಾ ಕೋರ್ಟ್ ಕೆಲಸದ ಪಿಸಿ ಇರುತ್ತಾರೆ, ಅವರಿಗೇ ಕೇಸಿನ ಜಾತಕ ಗೊತ್ತಿರುವುದು. "ಸರ್, 2020ರಲ್ಲಿ ಈ ಗಾಡಿ ಹಿಡಿದಿದ್ದರು. ಎಫ್‌ಐಆರ್ ಆಗಿದೆಯಾ, ಆಗಿದ್ದರೆ ಯಾವ ಹಂತದಲ್ಲಿದೆ ಅಂತ ತಿಳಿಸ್ತೀರಾ?" ಅಂತ ಕೇಳಿ. ಕೈಯಲ್ಲಿ ಇದನ್ನೇ ಬರೆದ ಅರ್ಜಿ ಎರಡು ಪ್ರತಿ ಇರಲಿ. ಒಂದನ್ನು ಕೊಟ್ಟು, ಇನ್ನೊಂದಕ್ಕೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ.

ಅಂದು ಬೀದಿಯಲ್ಲಿ ನಿಂತವರ ಪರಿಸ್ಥಿತಿಯೂ ಸುಲಭದ್ದಾಗಿರಲಿಲ್ಲ. ಬಿಸಿಲಲ್ಲಿ, ಸೋಂಕಿನ ಭಯದಲ್ಲಿ, ಗಂಟೆಗೊಂದು ಬದಲಾಗುವ ಆದೇಶ ಹಿಡಿದುಕೊಂಡು ಕೆಲಸ ಮಾಡಿದರು. ಕೆಲವರು ಲಾಠಿ ಬೀಸಿದ್ದೂ ನಿಜ, ಪೆಟ್ಟು ತಿಂದವರ ಸಿಟ್ಟೂ ನ್ಯಾಯವಾದದ್ದೇ. ಆದರೆ ಇವತ್ತು ಆ ಮೇಜಿನ ಹಿಂದೆ ಕೂತಿರುವವರು ಬಹುಶಃ ಬೇರೆಯವರು. ಜಗಳಕ್ಕೆ ಹೋಗಬೇಡಿ, ಮಾಹಿತಿ ತೆಗೆದುಕೊಂಡು ಬನ್ನಿ.

"ಇಷ್ಟು ಕೊಡಿ, ಹೆಸರು ತೆಗೆಸಿಬಿಡ್ತೀನಿ" ಅನ್ನುವ ಮಧ್ಯವರ್ತಿಗಳು ಸ್ಟೇಷನ್ ಮುಂದಿನ ಟೀ ಅಂಗಡಿಯಲ್ಲೇ ಸಿಗುತ್ತಾರೆ. ನಂಬಬೇಡಿ. ಕೋರ್ಟಿಗೆ ಹೋದ ಕೇಸನ್ನು ಸ್ಟೇಷನ್‌ನಲ್ಲಿ ಯಾರೂ ತೆಗೆಯಲು ಆಗುವುದಿಲ್ಲ.

ಸ್ಟೇಷನ್‌ನಲ್ಲಿ ಬಿ ರಿಪೋರ್ಟ್ ಹಾಕಿದ್ದೇವೆ ಅಂದರೆ ತನಿಖೆ ಮಾಡಿ ಆರೋಪ ನಿಲ್ಲುವುದಿಲ್ಲ ಅಂತ ವರದಿ ಕೊಟ್ಟಿದ್ದಾರೆ ಎಂದರ್ಥ. ಒಳ್ಳೆಯ ಸುದ್ದಿ. ಕೋರ್ಟ್ ಅದನ್ನು ಒಪ್ಪಿದೆಯಾ ಅಂತ ಕೇಳಿ, ಒಪ್ಪಿದ್ದರೆ ಆ ಆದೇಶದ ನಕಲು ತೆಗೆದುಕೊಳ್ಳಿ. ಚಾರ್ಜ್‌ಶೀಟ್, ಅಂದರೆ ಪೊಲೀಸರು ಕೋರ್ಟಿಗೆ ಕೊಡುವ ಆರೋಪಪಟ್ಟಿ, ಆಗಿದೆ ಅಂದರೆ ಮುಂದಿನ ಹಂತ ಗಮನವಿಟ್ಟು ಓದಿ.

5. ಯಾವ ಸೆಕ್ಷನ್ ಅಂತ ನೋಡಿ. ಅರ್ಧ ಕೇಸು ಇಲ್ಲೇ ಇದೆ

ಎಫ್‌ಐಆರ್‌ನಲ್ಲಿ "ಕಲಂ" ಅಂತ ಇರುವುದೇ ಸೆಕ್ಷನ್. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಸೆಕ್ಷನ್ ನಂಬರುಗಳೆಲ್ಲ ಬದಲಾಗಿವೆ. ಆದರೆ ನಿಮ್ಮ ಘಟನೆ ಅದಕ್ಕಿಂತ ಹಳೆಯದು, ಹಾಗಾಗಿ ಹಳೆಯ ಐಪಿಸಿಯೇ, ಅಂದರೆ ಭಾರತೀಯ ದಂಡ ಸಂಹಿತೆಯೇ, ಅನ್ವಯ.

ಐಪಿಸಿ 188: ಸರ್ಕಾರಿ ಅಧಿಕಾರಿ ಹೊರಡಿಸಿದ ಆದೇಶ ಮೀರಿದ್ದು. ಸಾಮಾನ್ಯವಾಗಿ ಒಂದು ತಿಂಗಳವರೆಗೆ ಸಜೆ ಅಥವಾ 200 ರೂಪಾಯಿವರೆಗೆ ದಂಡ. ಜನರ ಜೀವ, ಆರೋಗ್ಯಕ್ಕೆ ಅಪಾಯ ತರುವಂಥದ್ದಾದರೆ ಆರು ತಿಂಗಳು ಅಥವಾ 1,000 ರೂಪಾಯಿವರೆಗೆ. ಲಾಕ್‌ಡೌನ್ ಕೇಸುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಇದೇ.

ವಿಪತ್ತು ನಿರ್ವಹಣಾ ಕಾಯ್ದೆ 2005ರ ಸೆಕ್ಷನ್ 51: ಆ ಕಾಯ್ದೆಯಡಿ ಕೊಟ್ಟ ನಿರ್ದೇಶನ ಪಾಲಿಸದಿರುವುದು. ಒಂದು ವರ್ಷದವರೆಗೆ, ಜೀವಹಾನಿ ಅಥವಾ ಅಂಥ ಅಪಾಯ ಆಗಿದ್ದರೆ ಎರಡು ವರ್ಷದವರೆಗೆ.

ಈಗ ಮುಖ್ಯ ವಿಷಯ. ಈ ಎರಡಕ್ಕೂ ಪೊಲೀಸ್ ಚಾರ್ಜ್‌ಶೀಟ್ ಒಂದೇ ಸಾಲದು. 188ರ ಕೇಸನ್ನು ಕೋರ್ಟ್ ಕೈಗೆತ್ತಿಕೊಳ್ಳಬೇಕಾದರೆ ಆದೇಶ ಹೊರಡಿಸಿದ ಅಧಿಕಾರಿ, ಅಥವಾ ಅವರ ಮೇಲಧಿಕಾರಿ, ಲಿಖಿತ ದೂರು ಕೊಟ್ಟಿರಬೇಕು. ಹಳೆಯ ಸಿಆರ್‌ಪಿಸಿಯ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ, ಸೆಕ್ಷನ್ 195 ಇದನ್ನೇ ಹೇಳುತ್ತದೆ. ವಿಪತ್ತು ಕಾಯ್ದೆಯ ಸೆಕ್ಷನ್ 60 ಕೂಡ ಹೆಚ್ಚುಕಡಿಮೆ ಹೀಗೆಯೇ, ಅಧಿಕಾರ ಇರುವ ಪ್ರಾಧಿಕಾರ ಅಥವಾ ಅಧಿಕಾರಿಯ ದೂರು ಬೇಕು ಅನ್ನುತ್ತದೆ. ಚೆಕ್‌ಪೋಸ್ಟ್‌ನಲ್ಲಿ ನಿಂತಿದ್ದ ಎಎಸ್‌ಐ ವರದಿ ಕೊಟ್ಟು, ಅದರ ಮೇಲೆ ಎಫ್‌ಐಆರ್, ಅದರ ಮೇಲೆ ಚಾರ್ಜ್‌ಶೀಟ್ ಆಗಿದ್ದರೆ ನಿಮ್ಮ ವಕೀಲರು ಮೊದಲು ಹುಡುಕಬೇಕಾದ್ದು ಈ ಲಿಖಿತ ದೂರು ಫೈಲಿನಲ್ಲಿದೆಯಾ ಅಂತ.

ಐಪಿಸಿ 269, 270: ರೋಗ ಹರಡುವಂತೆ ನಡೆದುಕೊಂಡದ್ದು. ನಿರ್ಲಕ್ಷ್ಯದಿಂದಾದರೆ 269, ದುರುದ್ದೇಶದಿಂದಾದರೆ 270. ಇವಕ್ಕೆ ಮೇಲೆ ಹೇಳಿದ ಲಿಖಿತ ದೂರಿನ ರಕ್ಷಣೆ ಇಲ್ಲ. ಆದರೆ ಸೋಂಕೇ ಇಲ್ಲದವರು ಒಬ್ಬರೇ ಸ್ಕೂಟರ್‌ನಲ್ಲಿ ಹೋಗುತ್ತಿದ್ದರೆ, ಅದರಿಂದ ರೋಗ ಹರಡುವ ಸಂಭವ ಇತ್ತು ಅಂತ ಸಾಬೀತು ಮಾಡುವುದು ಕಷ್ಟ. ಕ್ವಾರಂಟೈನ್ ಮುದ್ರೆ ಕೈಮೇಲಿದ್ದಾಗ ಹೊರಗೆ ಬಂದಿದ್ದರೆ ಪರಿಸ್ಥಿತಿ ಬೇರೆ. ಅದನ್ನು ವಕೀಲರಿಂದ ಮುಚ್ಚಿಡಬೇಡಿ.

ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ 2020 ಅಂತಲೂ ಹಾಕಿದ್ದರೆ ಸ್ವಲ್ಪ ಗಂಭೀರವಾಗಿ ತೆಗೆದುಕೊಳ್ಳಿ. ಅದರ ಶಿಕ್ಷೆಯ ಮಿತಿ 188ಕ್ಕಿಂತ ದೊಡ್ಡದು.

ಕಾಲಮಿತಿಯ ಪ್ರಶ್ನೆಯೂ ಇದೆ. ಒಂದು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ಒಂದು ವರ್ಷದೊಳಗೆ, ಮೂರು ವರ್ಷದವರೆಗಿನದಾದರೆ ಮೂರು ವರ್ಷದೊಳಗೆ ಕೇಸು ಕೋರ್ಟಿಗೆ ಬರಬೇಕು. ಆದರೆ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಮಿತಿಯ ಲೆಕ್ಕದಿಂದ ಬಿಡಬೇಕು ಅಂತ ಸುಪ್ರೀಂ ಕೋರ್ಟ್ ಆದೇಶವಿದೆ. ಅದು ನಿಮ್ಮ ಕೇಸಿಗೆ ಹೇಗೆ ಹೊಂದುತ್ತದೆ ಅನ್ನುವುದು ವಾದದ ವಿಷಯ. ಹಾಗಾಗಿ "ಐದು ವರ್ಷ ಆಯ್ತು, ತಾನಾಗಿ ಬಿದ್ದುಹೋಗಿರುತ್ತೆ" ಅಂತ ಮನೆಯಲ್ಲಿ ಕೂತು ಲೆಕ್ಕ ಹಾಕಬೇಡಿ.

6. ಮುಗಿಸುವ ದಾರಿ ಆರಿಸಿಕೊಳ್ಳಿ

ಎಲ್ಲರೂ ಮೊದಲು ಹೇಳುವ ದಾರಿ, ತಪ್ಪೊಪ್ಪಿಕೊಂಡು ದಂಡ ಕಟ್ಟುವುದು. ಒಂದೇ ದಿನದಲ್ಲಿ ಮುಗಿಯುತ್ತದೆ, ದಂಡವೂ ಸಣ್ಣದು. ದಿನಗೂಲಿ ಬಿಟ್ಟು ಕೋರ್ಟಿಗೆ ಅಲೆಯಲು ಆಗದವರಿಗೆ ಇದು ಆಕರ್ಷಕ ಅನ್ನಿಸುವುದು ಸಹಜ. ಆದರೆ ತಿಳಿದುಕೊಂಡು ಮಾಡಿ. ಅದು ಟ್ರಾಫಿಕ್ ದಂಡ ಕಟ್ಟಿದಂತಲ್ಲ. ಕೋರ್ಟ್ ದಾಖಲೆಯಲ್ಲಿ ನೀವು ಅಪರಾಧಿ ಅಂತ ತೀರ್ಮಾನವಾಗುತ್ತದೆ. ಮುಂದೆ ಸರ್ಕಾರಿ ಕೆಲಸದ ಅರ್ಜಿಯಲ್ಲಿ "ಶಿಕ್ಷೆಯಾಗಿದೆಯೇ" ಅಂತ ಕೇಳಿದರೆ ಹೌದು ಅನ್ನಬೇಕು. ಇಪ್ಪತ್ತೈದು ವರ್ಷದ ಹುಡುಗ, ಪೊಲೀಸ್ ಕೆಲಸಕ್ಕೋ ಕೆಎಎಸ್‌ಗೋ ಓದುತ್ತಿದ್ದಾನೆ ಅಂದರೆ ನಾನು ಈ ದಾರಿ ಹೇಳುವುದಿಲ್ಲ. ಒಪ್ಪಿಕೊಳ್ಳಲೇಬೇಕು ಅನ್ನುವಂತಿದ್ದರೆ, ಎಚ್ಚರಿಕೆ ಕೊಟ್ಟು ಬಿಡುವ ಅವಕಾಶ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ 1958ರಲ್ಲಿದೆ. ಅದನ್ನು ಕೇಳಿ ಅಂತ ವಕೀಲರಿಗೆ ನೆನಪಿಸಿ.

ಲಿಖಿತ ದೂರು ಇಲ್ಲದಿದ್ದರೆ, ಅಥವಾ ಕಾಲಮಿತಿ ಮೀರಿದ್ದರೆ ಅದನ್ನು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಎತ್ತಬಹುದು. ಹೈಕೋರ್ಟಿಗೆ ಹೋಗಿ ಕೇಸನ್ನೇ ರದ್ದು ಮಾಡಿ ಅಂತಲೂ ಕೇಳಬಹುದು. ಹೈಕೋರ್ಟ್ ದಾರಿ ಸ್ವಚ್ಛ, ಆದರೆ ಖರ್ಚು ಜಾಸ್ತಿ. ಒಂದೇ ಎಫ್‌ಐಆರ್‌ನಲ್ಲಿ ಹಲವರ ಹೆಸರಿದ್ದರೆ ಸೇರಿ ಹೋಗುವುದು ಒಳ್ಳೆಯದು.

ಮೂರನೆಯದು, ಸರ್ಕಾರವೇ ಹಿಂದೆಗೆದುಕೊಳ್ಳುವುದು. ಕೋರ್ಟಿನ ಒಪ್ಪಿಗೆ ಪಡೆದು ಸರ್ಕಾರಿ ವಕೀಲರು ಇದನ್ನು ಮಾಡಬಹುದು. ಊರಿಗೆ ನಡೆದು ಹೊರಟಿದ್ದ ವಲಸೆ ಕಾರ್ಮಿಕರ ಮೇಲಿನ ಇಂಥ ಕೇಸುಗಳನ್ನು ಹಿಂದೆಗೆದುಕೊಳ್ಳಲು ಪರಿಶೀಲಿಸಿ ಅಂತ ಸುಪ್ರೀಂ ಕೋರ್ಟ್ 2020ರ ಜೂನ್ 9ರಂದು ರಾಜ್ಯಗಳಿಗೆ ಹೇಳಿತ್ತು. ನೀವು ಅಥವಾ ನಿಮ್ಮ ಸೈಟಿನ ಕೆಲಸಗಾರರು ಹಾಗೆ ಸಿಕ್ಕಿಬಿದ್ದವರಾಗಿದ್ದರೆ ಆ ಆದೇಶವನ್ನು ವಕೀಲರ ಗಮನಕ್ಕೆ ತನ್ನಿ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಕಾರ್ಖಾನೆ ಕಾರ್ಮಿಕರು, ಆದಾಯ ಕಡಿಮೆ ಇರುವವರಿಗೆ ಉಚಿತ ವಕೀಲರನ್ನು ಕೊಡುತ್ತಾರೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲವೇ ಸಿದ್ದಯ್ಯ ರಸ್ತೆಯಲ್ಲಿ ಕಾನೂನು ಸೇವಾ ಪ್ರಾಧಿಕಾರ ಇರುವ ನ್ಯಾಯ ದೇಗುಲ ಕಟ್ಟಡಕ್ಕೆ ಹೋಗಿ ವಿಚಾರಿಸಿ.

7. ಕೋರ್ಟಿನ ದಿನ

ಆಧಾರ್, ಎರಡು ಫೋಟೊ, ಹಂತ 2ರ ಕಾಗದಗಳು ಜೊತೆಗಿರಲಿ. ವಕಾಲತ್ತಿಗೆ, ಅಂದರೆ ನನ್ನ ಪರವಾಗಿ ಇವರು ವಾದಿಸುತ್ತಾರೆ ಅನ್ನುವ ಕಾಗದಕ್ಕೆ, ಸಹಿ ಹಾಕುತ್ತೀರಿ. ಹನ್ನೊಂದಕ್ಕೆ ಮೊದಲೇ ಒಳಗೆ ಕೂತಿರಿ. ಹೆಸರು ಕೂಗಿದಾಗ ಕಾಫಿಗೆ ಹೋಗಿದ್ದರೆ ಗೈರುಹಾಜರಿ ಬೀಳುತ್ತದೆ.

ವಾರಂಟ್ ಆಗಿದ್ದರೆ ಓಡಿ ತಪ್ಪಿಸಿಕೊಳ್ಳಬೇಡಿ. ನೀವಾಗಿಯೇ ವಕೀಲರ ಜೊತೆ ಹಾಜರಾಗಿ ವಾರಂಟ್ ರೀಕಾಲ್, ಅಂದರೆ ವಾರಂಟ್ ವಾಪಸ್ ಪಡೆಯಿರಿ ಅನ್ನುವ ಅರ್ಜಿ ಹಾಕಿ. ಸಮನ್ಸ್ ಹಳೆಯ ವಿಳಾಸಕ್ಕೆ ಹೋಗಿದ್ದರೆ ಬಾಡಿಗೆ ಕರಾರಿನ ಪ್ರತಿ ತೋರಿಸಿ. 188, 269, 270 ಮೂರೂ ಜಾಮೀನು ಸಿಗುವ ಅಪರಾಧಗಳೇ. ಜಾಮೀನುದಾರರು ಬೇಕಾಗಬಹುದು, ಯಾರು ಬರುತ್ತಾರೆ ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ.

8. ಪಾಸ್‌ಪೋರ್ಟ್, ಕೆಲಸದ ಅರ್ಜಿ

ಬರೀ ಎಫ್‌ಐಆರ್ ಇದೆ, ತನಿಖೆಯಲ್ಲಿದೆ ಅಂದರೆ ಅದಷ್ಟೇ ಪಾಸ್‌ಪೋರ್ಟ್ ತಡೆಯಲು ಕಾರಣವಲ್ಲ. ಕೋರ್ಟ್ ಕೇಸನ್ನು ಕೈಗೆತ್ತಿಕೊಂಡಿದ್ದರೆ ಮಾತ್ರ ಬಾಕಿ ಕ್ರಿಮಿನಲ್ ಕೇಸು ಅಂತ ಲೆಕ್ಕ. ವಿದೇಶಾಂಗ ಸಚಿವಾಲಯ 2019ರ ಅಕ್ಟೋಬರ್‌ನಲ್ಲಿ ಹೀಗೆ ಸ್ಪಷ್ಟಪಡಿಸಿದೆ. ಕೋರ್ಟಿನಲ್ಲಿ ಕೇಸು ಇದ್ದರೂ ಬಾಗಿಲು ಮುಚ್ಚಿಲ್ಲ. ಅದೇ ಕೋರ್ಟಿನಿಂದ ಹೊರದೇಶಕ್ಕೆ ಹೋಗಲು ಅನುಮತಿ ಪಡೆದು ಅರ್ಜಿ ಹಾಕಬಹುದು.

ಗೊತ್ತಿದ್ದೂ "ಇಲ್ಲ" ಅಂತ ಟಿಕ್ ಮಾಡಬೇಡಿ. ಎಷ್ಟೋ ಸಲ ಕೇಸಿಗಿಂತ ಮುಚ್ಚಿಟ್ಟದ್ದೇ ದೊಡ್ಡ ತೊಂದರೆ ತರುತ್ತದೆ. ಔಷಧಿ ತರಲು ಹೋದಾಗ ಆದ 188ರ ಕೇಸನ್ನು ಯಾರಿಗಾದರೂ ಅರ್ಥ ಮಾಡಿಸಬಹುದು. ಸುಳ್ಳು ಹೇಳಿದ್ದನ್ನು ಅರ್ಥ ಮಾಡಿಸುವುದು ಕಷ್ಟ, ಅಲ್ವಾ?

9. ಗಾಡಿ ಇನ್ನೂ ಸ್ಟೇಷನ್‌ನಲ್ಲೇ ಇದ್ದರೆ

ಊರಿಗೆ ಹೋಗಿ ಕೂತವರು, ಸಾಲದ ಕಂತು ಕಟ್ಟಲಾಗದೆ ಬಿಟ್ಟವರು ಇಂಥವರಿದ್ದಾರೆ. ಆರ್‌ಸಿ, ಇನ್ಶೂರೆನ್ಸ್ ತೆಗೆದುಕೊಂಡು ಕೋರ್ಟಿನಲ್ಲಿ ಗಾಡಿ ಬಿಡುಗಡೆ ಅರ್ಜಿ ಹಾಕಿ. ಹಿಡಿದ ವಾಹನಗಳನ್ನು ಸ್ಟೇಷನ್ ಮುಂದೆ ತುಕ್ಕು ಹಿಡಿಯಲು ಬಿಡಬಾರದು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಹರಾಜು ಆಗಿಹೋಗಿದೆಯಾ ಅಂತ ಮೊದಲು ಸ್ಟೇಷನ್‌ನಲ್ಲಿ ಕೇಳಿ. ಆಗಿದ್ದರೆ ಅದರ ದಾಖಲೆ ಪಡೆದು ಆರ್‌ಟಿಒದಲ್ಲಿ ನಿಮ್ಮ ಹೆಸರು ತೆಗೆಸಿ. ಇಲ್ಲದಿದ್ದರೆ ಆ ಗಾಡಿ ನಾಳೆ ಎಲ್ಲಿ ಏನು ಮಾಡಿದರೂ ನೋಟಿಸ್ ಬರುವುದು ನಿಮ್ಮ ಮನೆಗೆ.

10. ಮುಗಿದ ಮೇಲೆ ಕಾಗದ ಕೈಗೆ ತೆಗೆದುಕೊಳ್ಳಿ

ಖುಲಾಸೆ ಆಗಲಿ, ರದ್ದಾಗಲಿ, ದಂಡವಾಗಲಿ, ಆದೇಶದ ಸರ್ಟಿಫೈಡ್ ಕಾಪಿಗೆ ಅವತ್ತೇ ಅರ್ಜಿ ಹಾಕಿ. ಅದು ಕೋರ್ಟ್ ಸೀಲಿನೊಂದಿಗೆ ಕೊಡುವ ಅಧಿಕೃತ ನಕಲು. ಒಂದನ್ನು ಸ್ಟೇಷನ್‌ಗೆ ಕೊಟ್ಟು, ನಿಮ್ಮ ದಾಖಲೆಯಲ್ಲಿ ಕೇಸು ಮುಗಿದಿದೆ ಅಂತ ನಮೂದಿಸಿ ಅಂತ ಅರ್ಜಿ ಬರೆದು ಸೀಲು ಹಾಕಿಸಿಕೊಳ್ಳಿ. ಕೋರ್ಟಿನಲ್ಲಿ ಮುಗಿದ ಎಷ್ಟೋ ಕೇಸು ಸ್ಟೇಷನ್ ಕಂಪ್ಯೂಟರಿನಲ್ಲಿ ಹಾಗೇ ಉಳಿದುಬಿಡುತ್ತವೆ, ವೆರಿಫಿಕೇಷನ್‌ಗೆ ಬಂದವರು ನೋಡುವುದು ಆ ಕಂಪ್ಯೂಟರನ್ನೇ. ಇನ್ನೊಂದು ಪ್ರತಿ ಆಧಾರ್, ಮಾರ್ಕ್ಸ್ ಕಾರ್ಡ್ ಇಡುವ ಫೈಲಿನಲ್ಲೇ ಇರಲಿ. ಫೋಟೊ ತೆಗೆದು ಮನೆಯವರ ಫೋನಿಗೂ ಒಂದು ಕಳಿಸಿಡಿ.